ಅಡ್ವಾನ್ಸ್ ಕೊಡುವ ಮುಂಚೆ
ಮೊದಲ ಸೈಟು ಹುಡುಕುತ್ತಿರುವವರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಸುತ್ತಮುತ್ತ ಮೊದಲ ಸೈಟು ಹುಡುಕುತ್ತಿರುವ ಎಳೆಯ ಗೆಳೆಯ ಗೆಳತಿಯರೇ,

ನೀವು ಯಾರೆಂದು ನನಗೆ ಅಂದಾಜಿದೆ. ಹಾಸನ, ಹಾವೇರಿ, ರಾಯಚೂರು, ಶಿರಸಿ ಕಡೆಯಿಂದ ಓದಲು ಬಂದು ಇಲ್ಲೇ ಕೆಲಸ ಹಿಡಿದವರು. ಕೆಲವು ವರ್ಷ ದುಡಿದು ಹತ್ತು ಹದಿನೈದು ಲಕ್ಷ ಕೂಡಿಟ್ಟಿದ್ದೀರಿ. ಫೋನು ಮಾಡಿದಾಗೆಲ್ಲ ಅಪ್ಪ “ಒಂದು ಸೈಟಾದ್ರೂ ಮಾಡ್ಕೊಳ್ಳಪ್ಪ, ದುಡ್ಡು ಕೈಯಲ್ಲಿ ನಿಲ್ಲಲ್ಲ” ಅನ್ನುತ್ತಾರೆ. ಪಕ್ಕದ ಸೀಟಿನವರು ದೇವನಹಳ್ಳಿ ಹತ್ತಿರ ತೆಗೆದದ್ದು ಎರಡು ಪಟ್ಟಾಗಿದೆಯಂತೆ. ಭಾನುವಾರ ಬೆಳಿಗ್ಗೆ ಕಂಪನಿಯ ಟೆಂಪೊ ಟ್ರಾವೆಲರ್ ಬರುತ್ತದೆ, ಕಮಾನು ಕಟ್ಟಿದ ಬಯಲಿಗೆ ಕರೆದೊಯ್ಯುತ್ತದೆ, ಊಟ ಹಾಕಿಸುತ್ತದೆ. ಹಿಂದಿರುಗುವಾಗ ಪಕ್ಕದಲ್ಲಿ ಕೂತ ಹುಡುಗ ಮೆಲ್ಲಗೆ ಶುರುಮಾಡುತ್ತಾನೆ: “ಐವತ್ತು ಸಾವಿರ ಟೋಕನ್ ಹಾಕ್ಬಿಡಿ ಸಾರ್, ಮುಂದಿನ ವಾರ ಚದರಡಿಗೆ ಇನ್ನೂರು ಜಾಸ್ತಿ ಆಗುತ್ತೆ.”

ಆಸ್ತಿ ದಾಖಲೆಗಳನ್ನು ಓದಿಕೊಡುವುದು ನನ್ನ ಕಸುಬು. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಹೇಳುವ ಮೊದಲ ಮಾತು “ಅಡ್ವಾನ್ಸ್ ಕೊಟ್ಟಾಗಿದೆ ಸಾರ್, ಒಂದ್ಸಲ ಪೇಪರ್ಸ್ ನೋಡಿಬಿಡಿ” ಎಂಬುದು. ಆಗಬೇಕಾದ್ದು ತಿರುಗುಮುರುಗಾಗಿದೆ. ದುಡ್ಡು ನಿಮ್ಮ ಜೇಬಿನಲ್ಲಿರುವ ತನಕ ಮಾರುವವನು ನಿಮ್ಮ ಹಿಂದೆ ಅಲೆಯುತ್ತಾನೆ, ಕೇಳಿದ ಕಾಗದ ತಂದುಕೊಡುತ್ತಾನೆ. ಟೋಕನ್ ದಾಟಿದ ಮಾರನೆಯ ದಿನದಿಂದ ನೀವು ಅವನ ಹಿಂದೆ. ಕೊಳ್ಳುವವನಿಗಿರುವ ಬಲವೆಲ್ಲ ಆ ಮುಂಚಿನ ಎರಡು ಮೂರು ವಾರಗಳಲ್ಲಿದೆ. ಆ ವಾರಗಳನ್ನು ಹೇಗೆ ಕಳೆಯಬೇಕು ಎಂಬುದಷ್ಟೇ ಈ ಪತ್ರದ ವಿಷಯ.

ಮೊದಲು ಲೆಕ್ಕ. 30×40 ಸೈಟು, ಬೆಲೆ 40 ಲಕ್ಷ ಎಂದಿಟ್ಟುಕೊಳ್ಳಿ. ಬ್ಯಾಂಕು 28 ಲಕ್ಷ ಕೊಟ್ಟಿತು, ಮಿಕ್ಕ 12 ಲಕ್ಷ ನಿಮ್ಮದು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರಿಂದ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ, ಸೆಸ್ಸು, ಸರ್‌ಚಾರ್ಜು ಸೇರಿ ಸುಮಾರು ಶೇ 7.6, ಅಂದರೆ ಮೂರು ಲಕ್ಷಕ್ಕೂ ಮೇಲೆ. ಇದಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಶೇ 9ರ ಬಡ್ಡಿಗೆ 15 ವರ್ಷದ ಸಾಲವಾದರೆ ತಿಂಗಳ ಕಂತು ಸುಮಾರು 28,400. ಐದು ವರ್ಷ ಕಟ್ಟಿದ ಮೇಲೆ ನೋಡಿದರೆ ನೀವು ಕಟ್ಟಿದ್ದು 17 ಲಕ್ಷ, ಅದರಲ್ಲಿ ಬಡ್ಡಿಗೇ ಹೋದದ್ದು ಹನ್ನೊಂದೂವರೆ ಲಕ್ಷದಷ್ಟು. ಅಲ್ಲಿಗೆ ಆ ಸೈಟು ನಿಮಗೆ ಬಿದ್ದ ಬೆಲೆ ಐವತ್ತನಾಲ್ಕೂವರೆ ಲಕ್ಷ. “40ಕ್ಕೆ ತಗೊಂಡೆ, ಐದು ವರ್ಷಕ್ಕೆ 55 ಆಯ್ತು” ಎಂದು ಸಂಭ್ರಮಿಸುವವನು ಏನೂ ಗಳಿಸಿಲ್ಲ. ಸ್ವಂತದ ಹದಿನೈದು ಲಕ್ಷವನ್ನು ಬ್ಯಾಂಕಿನಲ್ಲಿಟ್ಟಿದ್ದರೆ ಬರುತ್ತಿದ್ದ ಬಡ್ಡಿಯನ್ನೂ ಬಿಟ್ಟಿದ್ದಾನೆ. ಖಾಲಿ ಸೈಟಿಗೆ ಬಾಡಿಗೆ ಇಲ್ಲ. ಮನೆ ಕಟ್ಟುವ ತನಕ ಸಾಲದ ಮೇಲೆ ಆದಾಯ ತೆರಿಗೆ ವಿನಾಯಿತಿಯೂ ಇಲ್ಲ. ಮಾರಿದಾಗ, ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡಿದ್ದರೆ, ಲಾಭದ ಮೇಲೆ ಶೇ 12.5 ತೆರಿಗೆ ಬೇರೆ.

ಸೈಟು ಕೊಳ್ಳಬೇಡಿ ಎಂದು ಇದನ್ನು ಹೇಳುತ್ತಿಲ್ಲ. ಕಂತು ಕಟ್ಟಿದ ಮೇಲೂ ಮನೆ ಬಾಡಿಗೆ, ಊರಿಗೆ ಕಳಿಸುವ ಹಣ, ಆರು ತಿಂಗಳು ಕೆಲಸವಿಲ್ಲದಿದ್ದರೂ ನಡೆಯುವಷ್ಟು ಉಳಿತಾಯ ಇರಬೇಕು. ಇಲ್ಲದಿದ್ದರೆ ಇನ್ನೂ ಕಾಲ ಬಂದಿಲ್ಲ. ಅಮ್ಮನ ಒಡವೆ ಅಡವಿಟ್ಟು, ಪಿಎಫ್ ಬಿಡಿಸಿ, ಪರ್ಸನಲ್ ಲೋನ್ ಸೇರಿಸಿ ಸೈಟು ತೆಗೆದವರು ಕೊನೆಗೆ ಅವಸರಕ್ಕೆ ಮಾರುತ್ತಾರೆ, ಅವಸರಕ್ಕೆ ಮಾರುವವನಿಗೆ ಬೆಲೆ ಸಿಗುವುದಿಲ್ಲ.

ಇನ್ನು ಜಾಗ. ಏಜೆಂಟು ಜೊತೆಗಿಲ್ಲದೆ, ವಾರದ ದಿನ, ಒಬ್ಬರೇ ಮತ್ತೊಮ್ಮೆ ಹೋಗಿ. ನಿಂತಲ್ಲೇ ಸರ್ಕಾರದ ದಿಶಾಂಕ್ ಆ್ಯಪ್ ತೆರೆಯಿರಿ, ಕಾಲಡಿಯ ಸರ್ವೆ ನಂಬರು ತೋರಿಸುತ್ತದೆ. ಬ್ರೋಷರಿನ ನಂಬರಿಗೂ ಅದಕ್ಕೂ ತಾಳೆಯಾಗದಿದ್ದರೆ ಅಲ್ಲಿಂದಲೇ ವಾಪಸು ಬನ್ನಿ. ತಾಳೆಯಾದರೆ ಆ ಸರ್ವೆ ನಂಬರಿನ ಪಹಣಿ ತೆಗೆಸಿ. 3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣ, ಅದರಲ್ಲಿ ಕಳೆಯಬೇಕಾದ ಖರಾಬು ಇರುತ್ತದೆ. ಬಿ ಖರಾಬು ಎಂದರೆ ಹಳ್ಳ, ಬಂಡಿದಾರಿ, ಕಾಲುವೆಯಂಥ ಸಾರ್ವಜನಿಕ ಜಾಗ. ಅದನ್ನು ಯಾರೂ ಮಾರುವಂತಿಲ್ಲ, ಆದರೆ ಲೇಔಟಿನ ನಕ್ಷೆಯಲ್ಲಿ ಅದರ ಮೇಲೂ ಚೌಕ ಗೆರೆ ಎಳೆದಿರುತ್ತಾರೆ. 10ನೇ ಕಾಲಂ ಜಮೀನು ಈಗಿನವರ ಹೆಸರಿಗೆ ಹೇಗೆ ಬಂತೆಂದು ಹೇಳುತ್ತದೆ. 11ನೆಯದು ಹಕ್ಕು ಋಣಗಳದ್ದು. ಸೊಸೈಟಿ ಸಾಲ, ಕೋರ್ಟಿನ ತಡೆ ಇದ್ದರೆ ಅಲ್ಲೇ ಕೂತಿರುತ್ತದೆ. ಗ್ರಾಮನಕ್ಷೆಯಲ್ಲಿ ಪಕ್ಕದಲ್ಲೆಲ್ಲಾದರೂ ರಾಜಕಾಲುವೆಯ ಗೆರೆ ಹಾದಿದೆಯೇ ನೋಡಿ. 2016ರ ಆಗಸ್ಟ್‌ನಲ್ಲಿ ಅರಕೆರೆ ಬಳಿಯ ಅವನಿ ಶೃಂಗೇರಿ ನಗರದಲ್ಲಿ ಒತ್ತುವರಿ ತೆರವಿಗೆ ಜೆಸಿಬಿ ಬಂದಾಗ ಮನೆಯವರ ಕೈಯಲ್ಲಿ ಕ್ರಯಪತ್ರವೂ ಇತ್ತು, ತೆರಿಗೆ ರಸೀದಿಯೂ ಇತ್ತು.

ಇನ್ನೊಂದು ಲೆಕ್ಕ, ಇದನ್ನು ಯಾರು ಬೇಕಾದರೂ ಮಾಡಬಹುದು. ಒಂದು ಎಕರೆಗೆ 40 ಗುಂಟೆ, 43,560 ಚದರಡಿ. ನಿಯಮದ ಪ್ರಕಾರ ಅನುಮೋದನೆ ಪಡೆದ ವಸತಿ ಬಡಾವಣೆಯಲ್ಲಿ ಸೈಟಿಗೆ ಸಿಗುವುದು ಹೆಚ್ಚೆಂದರೆ ಶೇ 55. ಮಿಕ್ಕಿದ್ದು ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ (ಸಿಎ) ಸೈಟು. ಅಂದರೆ ಎಕರೆಗೆ 30×40ರ ಸೈಟು ಇಪ್ಪತ್ತರಷ್ಟು. ನೀವು ನೋಡಿ ಬಂದ ಎರಡೆಕರೆ ಲೇಔಟಿನಲ್ಲಿ 58 ಸೈಟುಗಳಿದ್ದರೆ ಪಾರ್ಕೂ ಇಲ್ಲ, ಒಳಚರಂಡಿಗೆ ಜಾಗವೂ ಇಲ್ಲ. ಅನುಮೋದನೆಯಂತೂ ಇರಲು ಸಾಧ್ಯವೇ ಇಲ್ಲ. “ಅಪ್ರೂವಲ್ ಪ್ರೋಸೆಸಲ್ಲಿದೆ ಸಾರ್” ಎಂಬ ಮಾತನ್ನು ಕೇಳುವ ಅಗತ್ಯವೂ ಆಮೇಲೆ ಉಳಿಯುವುದಿಲ್ಲ. ಎಣಿಸಿದರೆ ಸಾಕು.

ಹಾಗೆಯೇ ಆ ಊರಿನ ಚಹಾ ಅಂಗಡಿಯಲ್ಲಿ ಅರ್ಧ ಗಂಟೆ ಕೂತು ವಿಚಾರಿಸಿ. ಹೆಣ್ಣು ಕೊಡುವ ಮನೆಯನ್ನು ವಿಚಾರಿಸಿದಷ್ಟಾದರೂ ವಿಚಾರಿಸಬೇಡವೇ? “ಆ ಕಮಾನು ಹಾಕಿರೋ ಹೊಲ ಯಾರದು?” ಎಂದರೆ ಸಾಕು, “ಅದಾ? ಅಣ್ಣತಮ್ಮಂದ್ರು ಕೋರ್ಟಲ್ಲವ್ರಲ್ಲ” ಎಂಬ ಉತ್ತರ ಯಾವ ಸರ್ಚ್ ರಿಪೋರ್ಟಿಗಿಂತಲೂ ಬೇಗ ಬರುತ್ತದೆ.

ಅಣ್ಣತಮ್ಮಂದಿರ ವ್ಯಾಜ್ಯ ಊರಿಗೆ ಗೊತ್ತಿರುತ್ತದೆ. ಅಕ್ಕತಂಗಿಯರದು ಗೊತ್ತಿರುವುದಿಲ್ಲ. ನಾನು ನೋಡಿದ ದಾಖಲೆಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇದೇ, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ಅಪ್ಪ ತೀರಿಕೊಂಡರು. ಹಿರಿಯ ಮಗನ ಹೆಸರಿಗೆ ಪೌತಿ ಖಾತೆ ಆಯಿತು. ಪಹಣಿಯಲ್ಲಿ ಅವನೊಬ್ಬನದೇ ಹೆಸರು. ಅವನೂ ತಮ್ಮನೂ ಸೇರಿ ಡೆವಲಪರ್‌ಗೆ ಕ್ರಯ ಮಾಡಿಕೊಟ್ಟರು. ಮದುವೆಯಾಗಿ ತುಮಕೂರಿಗೋ ಕೋಲಾರಕ್ಕೋ ಹೋದ ಮೂವರು ಹೆಣ್ಣುಮಕ್ಕಳ ಸಹಿ ಎಲ್ಲಿಯೂ ಇಲ್ಲ. ಕೇಳಿದರೆ “ಅವರಿಗೆ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟಾಗಿದೆ ಸಾರ್” ಎನ್ನುತ್ತಾರೆ. ಅರಿಶಿನ ಕುಂಕುಮದಿಂದ ಹಕ್ಕು ಹೋಗುವುದಿಲ್ಲ. ಅಪ್ಪನ ಸ್ವಯಾರ್ಜಿತ ಆಸ್ತಿಯಾಗಿ, ವಿಲ್ ಇಲ್ಲದೆ ಅವರು ತೀರಿಕೊಂಡಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಡಿ 1956ರಿಂದಲೇ ಮಗಳಿಗೆ ಮಗನಷ್ಟೇ ಪಾಲಿದೆ. ಪಿತ್ರಾರ್ಜಿತದಲ್ಲಿ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು ಅವಿವಾಹಿತ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ತಂದೆ ಬದುಕಿರಬೇಕೆಂಬ ಷರತ್ತಿಲ್ಲ ಎಂದಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಆಗಿಹೋದ ಕ್ರಯ, ವಿಭಾಗಗಳಿಗೆ 2005ರ ತಿದ್ದುಪಡಿ ತಾಗುವುದಿಲ್ಲ ನಿಜ, ಆದರೆ ಅದನ್ನು ಕಾಗದದಲ್ಲಿ ತೋರಿಸಬೇಕು. ಬಾಯಿಮಾತಿನ ಪಾಲುಪಟ್ಟಿಯನ್ನು ನಂಬಿ ಕೂರುವಂತಿಲ್ಲ.

ಆದ್ದರಿಂದ ಕೇಳಬೇಕಾದ ಮೊದಲ ಕಾಗದ ವಂಶವೃಕ್ಷ. ಅದರಲ್ಲಿರುವ ಪ್ರತಿಯೊಂದು ಹೆಸರೂ ಕ್ರಯಪತ್ರದಲ್ಲಿರಬೇಕು, ಇಲ್ಲವೇ ಅವರು ಬರೆದುಕೊಟ್ಟ ನೋಂದಾಯಿತ ಹಕ್ಕು ಖುಲಾಸೆ ಪತ್ರ ಇರಬೇಕು. ವಂಶವೃಕ್ಷದಲ್ಲೇ ಹೆಣ್ಣುಮಕ್ಕಳನ್ನು ಬಿಟ್ಟಿರುವುದೂ ಉಂಟು. ಚಹಾ ಅಂಗಡಿ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ, “ಅವರಿಗೆ ಎಷ್ಟು ಜನ ಮಕ್ಕಳು?” ಎಂದು ಕೇಳಿ ನೋಡಿ. ಆ ಅಕ್ಕತಂಗಿಯರು ನಾಳೆ ದಾವೆ ಹೂಡಿದರೆ ಅವರನ್ನು ಬಯ್ಯಬೇಡಿ. ಅವರ ಪಾಲನ್ನು ಕೇಳದೆ ಕೊಂಡವರು ನೀವು.

ಮಂಜೂರಾತಿ ಜಮೀನಿನದು ಇನ್ನೂ ಗಟ್ಟಿ ಗಂಟು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ, 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಕ್ರಯ ಅಸಿಂಧು. ಜಮೀನು ಮೂಲ ಮಂಜೂರಾತಿದಾರರಿಗೋ ಅವರ ವಾರಸುದಾರರಿಗೋ ಮರಳುತ್ತದೆ. ಬಹಳ ವರ್ಷ ಕಳೆದರೆ ಅರ್ಜಿ ನಿಲ್ಲದು ಎಂಬ ವಾದ 2017ರ ನಂತರ ಕೋರ್ಟುಗಳಲ್ಲಿ ನಡೆಯುತ್ತಿತ್ತು. 2023ರ ತಿದ್ದುಪಡಿ ಅರ್ಜಿಗೆ ಕಾಲಮಿತಿ ಇಲ್ಲ ಎಂದಿತು. ಸೈಟು ಕಳೆದುಕೊಂಡವರು ಈ ಕಾಯ್ದೆಗೆ ಶಾಪ ಹಾಕುವುದನ್ನು ಕೇಳಿದ್ದೇನೆ, ನನಗೆ ಅದರಲ್ಲಿ ಪಾಲಿಲ್ಲ. ಒಂದು ಬಾಟಲಿಗೋ ಒಂದು ಮದುವೆಯ ಖರ್ಚಿಗೋ ಎರಡೆಕರೆ ಬರೆಸಿಕೊಂಡವರಿದ್ದುದರಿಂದಲೇ ಆ ಕಾಯ್ದೆ ಬಂದದ್ದು. ನೀವು ಮಾಡಬೇಕಾದ್ದಿಷ್ಟೆ: ತಹಶೀಲ್ದಾರ್ ಕಚೇರಿಯಿಂದ ಮೂಲ ಮಂಜೂರಾತಿ ಕಡತ ತೆಗೆಸಿ. ಸಾಗುವಳಿ ಚೀಟಿ ಯಾರ ಹೆಸರಿನಲ್ಲಿದೆ, ಯಾವ ಷರತ್ತಿನ ಮೇಲೆ ಎಂದು ಓದಿ.

ಸರ್ಕಾರ ಸ್ವಾಧೀನಕ್ಕೆ ಗುರುತಿಸಿದ ಜಮೀನು ಕಣ್ಣಿಗೆ ಮಾಮೂಲಿ ಹೊಲದಂತೆಯೇ ಇರುತ್ತದೆ. ಡಾ. ಶಿವರಾಮ ಕಾರಂತ ಬಡಾವಣೆಗೆ ಬಿಡಿಎ 17 ಹಳ್ಳಿಗಳಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಡಿಸಿದ್ದು 2008ರ ಡಿಸೆಂಬರ್‌ನಲ್ಲಿ. ಹೈಕೋರ್ಟಿನಲ್ಲಿ ಅದು ಬಿದ್ದುಹೋಯಿತು, “ಕ್ಲಿಯರ್ ಆಯ್ತು” ಎಂದು ಅಲ್ಲಿ ಸೈಟುಗಳು ಮಾರಾಟವಾದವು. 2018ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅಧಿಸೂಚನೆಗೆ ಮತ್ತೆ ಜೀವ ಕೊಟ್ಟಿತು. ಮಧ್ಯದ ಹತ್ತು ವರ್ಷದಲ್ಲಿ ಕೊಂಡವರು ಆಮೇಲೆ ಸಮಿತಿಯ ಮುಂದೆ ಕಾಗದ ಹಿಡಿದು ನಿಂತರು. ಪೆರಿಫೆರಲ್ ರಿಂಗ್ ರಸ್ತೆಯ ಭೂಸ್ವಾಧೀನದ ಕಥೆಯೂ ಎರಡು ದಶಕದ್ದು. ಕೋರ್ಟಿನಲ್ಲಿ ಬಿದ್ದ ಅಧಿಸೂಚನೆ ಎಂದರೆ ಮೇಲ್ಮನವಿ ಆಗಿದೆಯೇ ಎಂದು ಕೇಳುವುದು ಬಾಕಿ ಇದೆ ಎಂದೇ ಅರ್ಥ.

ಇಸಿ, ಅಂದರೆ ಋಣಭಾರ ಪ್ರಮಾಣಪತ್ರದ ಬಗ್ಗೆ ಅತಿ ನಂಬಿಕೆ ಬೇಡ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಕೂತು ತೆಗೆಯಬಹುದು, 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ. ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಅರ್ಜಿ ಹಾಕಿ. ಬರೀ ಸೈಟ್ ನಂಬರಿಗೆ ತೆಗೆಸಿದರೆ ಲೇಔಟು ಆಗುವ ಮುಂಚಿನದೇನೂ ಬರುವುದಿಲ್ಲ, ಸರ್ವೆ ನಂಬರಿಗೂ ತೆಗೆಸಬೇಕು. ಎಲ್ಲ ತೆಗೆಸಿದ ಮೇಲೂ ಅದು ಹೇಳುವುದು ನೋಂದಣಿಯಾದ ವ್ಯವಹಾರಗಳನ್ನು ಮಾತ್ರ. ನೋಂದಣಿಯಾಗದ ಕರಾರು, ವಾರಸಿನ ಹಕ್ಕು, ನಡೆಯುತ್ತಿರುವ ದಾವೆ ಅದರಲ್ಲಿ ಕಾಣುವುದಿಲ್ಲ. ಡೆವಲಪರ್ ಕೊಡುವ ಲೀಗಲ್ ಒಪಿನಿಯನ್ ಅವನ ವಕೀಲರದು. “ಎಲ್ಲ ಬ್ಯಾಂಕಲ್ಲೂ ಲೋನ್ ಸಿಗುತ್ತೆ” ಎಂಬುದು ಹಕ್ಕಿಗೆ ಗ್ಯಾರಂಟಿಯಲ್ಲ, ಬ್ಯಾಂಕಿಗೆ ನಿಮ್ಮ ಸಂಬಳವೂ ಆಧಾರ. ನಿಮ್ಮದೇ ವಕೀಲರನ್ನು, ಆ ಡೆವಲಪರ್ ಹೇಳದವರನ್ನು, ಹಿಡಿಯಿರಿ. ಅವರ ಫೀಸು ಎಷ್ಟಾದರೂ ಒಂದು ತಿಂಗಳ ಕಂತಿನ ಆಸುಪಾಸು.

ಅನುಮೋದನೆ ಇಲ್ಲದ ಸೈಟನ್ನು ರೆವಿನ್ಯೂ ಸೈಟು, ಬಿ ಖಾತಾ ಎಂದು ಅರ್ಧ ಬೆಲೆಗೆ ಕೊಡುತ್ತಾರೆ. “ಸಕ್ರಮ ಮಾಡೇ ಮಾಡ್ತಾರೆ” ಎಂಬ ಭರವಸೆ ಬಿಟ್ಟಿ. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಎತ್ತಿಹಿಡಿದ ಅಕ್ರಮ–ಸಕ್ರಮ ಯೋಜನೆಗೆ ಮರುತಿಂಗಳೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಸರ್ಕಾರಗಳು ಆಗಾಗ ಬೇರೆ ದಾರಿ ತೆರೆಯುತ್ತವೆ, ಅದರ ಲಾಭ ಈಗಾಗಲೇ ಅಲ್ಲಿ ಮನೆ ಕಟ್ಟಿಕೊಂಡವರಿಗೆ ಸಿಗಲಿ. ಹೊಸದಾಗಿ ಹೋಗಿ ಬೀಳುವವರು ನೀವಾಗಬೇಡಿ. ಖಾತಾ ಯಾವುದೇ ಇರಲಿ, ಅದು ತೆರಿಗೆ ಕಟ್ಟಲು ಮಾಡಿದ ದಾಖಲೆ, ಒಡೆತನದ ಪತ್ರವಲ್ಲ. ಜಿಪಿಎ, ಅಂದರೆ ಅಧಿಕಾರ ಪತ್ರದ ಮೇಲೆ ಕೊಡುತ್ತೇವೆ ಎಂದರೆ ಮಾತೇ ಬೇಡ. ಜಿಪಿಎ ಮಾರಾಟದಿಂದ ಒಡೆತನ ವರ್ಗವಾಗದು ಎಂದು 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗೆಯೇ ಕಾಫಿ ಗಿಡ, ಶ್ರೀಗಂಧದ ಸಸಿ ತೋರಿಸಿ ಮಾರುವ ಫಾರ್ಮ್ ಪ್ಲಾಟು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ರದ್ದಾದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು, ಸರಿ. ಆದರೆ ಅದು ಕೃಷಿ ಜಮೀನಿನ ತುಂಡೇ ಹೊರತು ಮನೆ ನಿವೇಶನವಲ್ಲ.

ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ನಿಮ್ಮ ಕೈಗೆ ಕೊಟ್ಟ ಅಸ್ತ್ರಗಳನ್ನು ಉಪಯೋಗಿಸುವವರು ಕಡಿಮೆ. 500 ಚದರ ಮೀಟರಿಗಿಂತ ದೊಡ್ಡ ಲೇಔಟು ಮಾರಾಟಕ್ಕಿಡುವ ಮುಂಚೆ ನೋಂದಣಿಯಾಗಬೇಕು. ಅದಕ್ಕೆ ಮುಂಚೆ ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ತೆಗೆದುಕೊಳ್ಳುವಂತಿಲ್ಲ. ಅಂದಮೇಲೆ ‘ಪ್ರೀ ಲಾಂಚ್ ಆಫರ್’ ಎಂಬ ಪೋಸ್ಟರೇ ಕಾನೂನು ಮುರಿದದ್ದಕ್ಕೆ ಸಾಕ್ಷಿ. ‘ಪಿಆರ್‌ಎಂ/ಕೆಎ/ರೇರಾ’ ಎಂದು ಶುರುವಾಗುವ ಸಂಖ್ಯೆಯನ್ನು ರೇರಾ ಜಾಲತಾಣದಲ್ಲಿ ಹಾಕಿ ನೋಡಿ, ಅಲ್ಲಿರುವ ಸರ್ವೆ ನಂಬರನ್ನು ನಿಮ್ಮ ಪಹಣಿಗೆ ಹೋಲಿಸಿ. ಇನ್ನೊಂದು ಲೇಔಟಿನ ಸಂಖ್ಯೆಯನ್ನು ಎರಡನೇ ಹಂತದ ಬ್ರೋಷರಿಗೆ ಅಂಟಿಸುವವರಿದ್ದಾರೆ. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ ಎನ್ನುತ್ತದೆ 13ನೇ ಕಲಂ. 30 ಪರ್ಸೆಂಟ್ ಕೊಟ್ಟರೆ ಡಿಸ್ಕೌಂಟ್ ಎಂದಾಗ ಅದನ್ನು ನೆನಪಿಸಿ, ಎದುರಿನವನ ದನಿ ಬದಲಾಗುತ್ತದೆ.

“ಗೈಡೆನ್ಸ್ ವ್ಯಾಲ್ಯೂಗೆ ರಿಜಿಸ್ಟರ್, ಮಿಕ್ಕಿದ್ದು ಕ್ಯಾಶ್” ಎಂದವರಿಗೆ ಬೆನ್ನು ಹಾಕಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ, ತೆಗೆದುಕೊಂಡವನಿಗೆ ಅಷ್ಟೇ ಮೊತ್ತದ ದಂಡ. ದಂಡ ಅವನಿಗೆ, ನನಗೇನು ಎನ್ನಬೇಡಿ. ವ್ಯವಹಾರ ಮುರಿದರೆ ನೀವು ಕೊಟ್ಟದ್ದಕ್ಕೆ ಪುರಾವೆಯೇ ಇಲ್ಲ. ನಾಳೆ ಮಾರುವಾಗ ಕಾಗದದ ಮೇಲಿನ ನಿಮ್ಮ ಕೊಂಡ ಬೆಲೆ ಕಡಿಮೆ, ಆದ್ದರಿಂದ ತೆರಿಗೆ ಹೆಚ್ಚು.

ಫ್ಲ್ಯಾಟಿನ ಬಗ್ಗೆ ಒಂದೇ ಮಾತು. ಸ್ವಾಧೀನಾನುಭವ ಪ್ರಮಾಣಪತ್ರ (ಒಸಿ) ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದ್ದರಿಂದ ಒಸಿ ಕೈಗೆ ಬರದೆ ಕೊನೆಯ ಕಂತು ಕೊಡಬೇಡಿ. 80 ಲಕ್ಷದ ಫ್ಲ್ಯಾಟಿಗೆ 22,000 ಬಾಡಿಗೆ ಬಂದರೂ ಅದು ವರ್ಷಕ್ಕೆ ಶೇ 3.3 ಆಯಿತು ಎಂಬುದನ್ನೂ ಲೆಕ್ಕಹಾಕಿಕೊಳ್ಳಿ.

ಬರೀ ಹೂಡಿಕೆಯೇ ಉದ್ದೇಶವಾಗಿದ್ದು ಮನೆ ಕಟ್ಟುವ ಯೋಚನೆ ಇಲ್ಲದಿದ್ದರೆ ರೀಟ್ ನೋಡಿ, ಅಂದರೆ ಬಾಡಿಗೆ ಬರುವ ಕಟ್ಟಡಗಳಲ್ಲಿ ಯೂನಿಟ್ಟುಗಳ ಮೂಲಕ ಹಣ ಹೂಡುವ ಟ್ರಸ್ಟ್. ದೇಶದ ಮೊದಲ ರೀಟ್, ಎಂಬೆಸಿ ಆಫೀಸ್ ಪಾರ್ಕ್ಸ್, ಬೆಂಗಳೂರಿನದೇ. ಷೇರುಪೇಟೆಗೆ ಬಂದದ್ದು 2019ರಲ್ಲಿ. ಈಗ ಒಂದು ಯೂನಿಟ್ಟನ್ನೂ ಕೊಳ್ಳಬಹುದು. ಹಂಚಲು ಸಿಗುವ ನಗದಿನಲ್ಲಿ ಶೇ 90ರಷ್ಟನ್ನು ಹೂಡಿಕೆದಾರರಿಗೆ ಹಂಚಲೇಬೇಕೆಂಬ ನಿಯಮವಿದೆ. ಬೆಲೆ ಏರಿಳಿಯುತ್ತದೆ, ಊರಿನಲ್ಲಿ ತೋರಿಸಲು ಕಾಂಪೌಂಡೂ ಇರುವುದಿಲ್ಲ. ಆದರೆ ಅಕ್ಕತಂಗಿಯರ ದಾವೆ, ಬಿ ಖರಾಬು, ಪೌತಿ ಖಾತೆ ಯಾವುದನ್ನೂ ನೀವು ಓದಬೇಕಿಲ್ಲ, ಬೇಕೆಂದ ದಿನ ಮಾರಬಹುದು. ಹಣ ಕೂಡುವ ತನಕ ಇದು ಕೆಟ್ಟ ಜಾಗವಲ್ಲ. ಅಪ್ಪನಿಗೆ ಒಪ್ಪಿಸುವುದು ಕಷ್ಟವಾದೀತು, ಅದು ನಿಮ್ಮ ಜಾಣ್ಮೆಗೆ ಬಿಟ್ಟದ್ದು.

ಇಷ್ಟೆಲ್ಲ ಓದಿಯೂ ಟೋಕನ್ ಕೊಡಲೇಬೇಕಾದರೆ ಬ್ಯಾಂಕಿನ ಮೂಲಕ ಕೊಡಿ, ಜಮೀನಿನ ಮಾಲೀಕರ ಅಥವಾ ಪ್ರವರ್ತಕರ ಖಾತೆಗೇ ಹೊರತು ಏಜೆಂಟಿನ ಖಾತೆಗಲ್ಲ. ಹಕ್ಕಿನಲ್ಲಿ ದೋಷ ಕಂಡರೆ ಪೂರ್ತಿ ಹಣ ವಾಪಸು ಎಂಬ ಸಾಲು ರಸೀದಿಯಲ್ಲಿ ಇರಲಿ. ಆ ಸಾಲು ಬರೆಯಲು ಒಪ್ಪದವನು ದೋಷ ಇದೆಯೆಂದು ಬಲ್ಲ.

ಕೊನೆಗೆ, ಈಗಾಗಲೇ ಅಡ್ವಾನ್ಸ್ ಕೊಟ್ಟು ಇವತ್ತು ನಾಳೆ ಎಂದು ಅಲೆಯುತ್ತಿರುವವರಿಗೆ. ರೇರಾ ವ್ಯಾಪ್ತಿಯ ಯೋಜನೆಯಲ್ಲಿ ಹೇಳಿದ ದಿನಕ್ಕೆ ಸ್ವಾಧೀನ ಕೊಡದಿದ್ದರೆ ಬಡ್ಡಿ ಸಮೇತ ಹಣ ಕೇಳುವ ಹಕ್ಕು 18ನೇ ಕಲಂನಲ್ಲಿದೆ, ದೂರು ಕೊಡಿ. ಕ್ರಯದ ಕರಾರನ್ನು ನಡೆಸಿಕೊಡಿ ಎಂದು ಸಿವಿಲ್ ಕೋರ್ಟಿಗೆ ಹೋಗಲು ಇರುವುದು ಮೂರೇ ವರ್ಷ. ಕರಾರಿನಲ್ಲಿ ಕ್ರಯಕ್ಕೆ ದಿನ ಗೊತ್ತುಮಾಡಿದ್ದರೆ ಆ ದಿನದಿಂದ, ಇಲ್ಲದಿದ್ದರೆ ಅವರು ಮಾಡಿಕೊಡುವುದಿಲ್ಲ ಎಂದದ್ದು ನಿಮಗೆ ತಿಳಿದ ದಿನದಿಂದ. ದಿನ ಗೊತ್ತಾಗಿದ್ದರೆ, ಫೋನಿನಲ್ಲಿ “ಆಗುತ್ತೆ ಸಾರ್” ಎಂದು ಅವರು ಹೇಳುತ್ತಾ ಹೋದರೂ ಆ ಮೂರು ವರ್ಷ ಓಡುತ್ತಲೇ ಇರುತ್ತದೆ. ಬೀರುವಿನಲ್ಲಿರುವ ಕರಾರು ಪತ್ರ ತೆಗೆದು, ಅದರ ಮೇಲಿನ ತಾರೀಖನ್ನು ಇವತ್ತೇ ನೋಡಿ.

ಇಂತಿ,
ನಿಮ್ಮ ಹಿತೈಷಿ